ಡ್ರೋನ್ ಕಾಲದ ಕಂದಕ: ಮುಂಚೂಣಿಯ ಸೈನಿಕನಿಗೆ ಬದಲಿ ಯಾಕೆ ಬರುತ್ತಿಲ್ಲ?

ಉಕ್ರೇನ್ ಯುದ್ಧದ ಬಗ್ಗೆ ಎರಡು ಬಗೆಯ ವರದಿಗಳು ಅಕ್ಕಪಕ್ಕದಲ್ಲೇ ಬರುತ್ತಿವೆ. ಒಂದು, ಕೂದಲೆಳೆಯಷ್ಟು ತೆಳುವಾದ ಆಪ್ಟಿಕಲ್ ಫೈಬರ್ ಬಿಚ್ಚಿಕೊಳ್ಳುತ್ತಾ ಹತ್ತಾರು ಕಿಲೋಮೀಟರ್ ಹಾರಿ ಗುರಿ ಮುಟ್ಟುವ ಡ್ರೋನ್‌ಗಳ ಸುದ್ದಿ. ಇನ್ನೊಂದು, ನೆಲದೊಳಗಿನ ಒಂದೇ ಗುಂಡಿಯಲ್ಲಿ ನೂರಕ್ಕೂ ಹೆಚ್ಚು ದಿನ ಕೂತು, ಡ್ರೋನ್ ಮೇಲಿನಿಂದ ಬೀಳಿಸಿದ ನೀರು ಕುಡಿದು, ಬಿಸ್ಕತ್ತು ತಿಂದು ಬದುಕಿ ಬಂದ ಕಾಲಾಳುಗಳ ಸುದ್ದಿ. ಎರಡೂ ಒಂದೇ ಯುದ್ಧದವು. ಇಷ್ಟು ತಂತ್ರಜ್ಞಾನ ಇರುವ ಸೇನೆಗೆ ಒಬ್ಬ ಸೈನಿಕನನ್ನು ವಾರಕ್ಕೊಮ್ಮೆ ಹಿಂದಕ್ಕೆ ಕರೆಸಿಕೊಂಡು ಇನ್ನೊಬ್ಬನನ್ನು ಕಳಿಸಲು ಆಗುವುದಿಲ್ಲವೇ ಎಂದು ಓದುಗರು ಕೇಳುವುದು ಸಹಜ.

"ಮೊದಲ ಮಹಾಯುದ್ಧ ಮರಳಿ ಬಂದಿದೆ" ಎಂಬುದು ಈ ಪ್ರಶ್ನೆಗೆ ಸಾಮಾನ್ಯವಾಗಿ ಸಿಗುವ ಉತ್ತರ. ಅದರಲ್ಲಿ ಅರ್ಧ ಸತ್ಯವಿದೆ. ಕೆಸರು, ಇಲಿ, ಚಳಿ, ಶೆಲ್ ದಾಳಿ ಎಲ್ಲವೂ ಮರಳಿ ಬಂದಿವೆ. ಆದರೆ 1914-18ರ ಕಂದಕದ ಬದುಕನ್ನು ಅಷ್ಟೋ ಇಷ್ಟೋ ಸಹಿಸುವಂತೆ ಮಾಡಿದ್ದ ಒಂದು ಸಂಗತಿ ಮರಳಿ ಬಂದಿಲ್ಲ. ಅದು ಬೆನ್ನ ಹಿಂದಿನ ದಾರಿ. ಊಟ, ಔಷಧಿ, ಗಾಯಾಳು, ಬದಲಿ ಸೈನಿಕ ಎಲ್ಲವೂ ಓಡಾಡುತ್ತಿದ್ದ ಆ ದಾರಿಯನ್ನೇ ಡ್ರೋನ್ ಕಡಿದು ಹಾಕಿದೆ. ಇಂದಿನ ಮುಂಚೂಣಿಯ ಸೈನಿಕನ ಸ್ಥಿತಿ ಕೆಲವು ವಿಷಯಗಳಲ್ಲಿ ನೂರು ವರ್ಷ ಹಿಂದಿನವನಿಗಿಂತ ಕಷ್ಟದ್ದಾಗಿರುವುದು ಇದರಿಂದ.

ಕಂದಕ ಎಲ್ಲಿಗೂ ಹೋಗಿರಲಿಲ್ಲ

ಬಯಲಲ್ಲಿ ನಿಂತವನು ಸಾಯುತ್ತಾನೆ, ನೆಲದೊಳಗೆ ಇಳಿದವನು ಉಳಿಯುತ್ತಾನೆ ಎಂಬ ಸ್ಥಿತಿ ಬಂದಾಗಲೆಲ್ಲ ಸೈನ್ಯಗಳು ಕಂದಕ ತೋಡಿವೆ. 1914ರ ಸೆಪ್ಟೆಂಬರಿನಲ್ಲಿ ಫ್ರಾನ್ಸಿನ ಎನ್ ನದಿಯ ದಂಡೆಯಲ್ಲಿ ಆದದ್ದು ಇದೇ. ಮೆಷಿನ್ ಗನ್ ಮತ್ತು ವೇಗದ ಫಿರಂಗಿಗಳ ಮುಂದೆ ಓಡಲಾಗದೆ ಜರ್ಮನ್ ಪಡೆ ಅಗೆಯಲು ಶುರು ಮಾಡಿತು. ಎದುರಿಗಿದ್ದವರೂ ಅಗೆದರು. ಕೆಲವೇ ತಿಂಗಳಲ್ಲಿ ಸ್ವಿಟ್ಜರ್ಲೆಂಡ್ ಗಡಿಯಿಂದ ಉತ್ತರ ಸಮುದ್ರದವರೆಗೆ ಸುಮಾರು 700 ಕಿಲೋಮೀಟರ್ ಕಂದಕದ ಸಾಲು ಎದ್ದಿತು.

ಆ ಯುದ್ಧ ಮುಗಿದ ಮೇಲೂ ಕಂದಕ ಮುಗಿಯಲಿಲ್ಲ. ಕೊರಿಯಾ ಯುದ್ಧದ ಕೊನೆಯ ಎರಡು ವರ್ಷ ಬೆಟ್ಟಗಳ ಮೇಲಿನ ಕಂದಕಗಳಲ್ಲೇ ಕಳೆದವು. 1980ರಿಂದ 88ರವರೆಗಿನ ಇರಾನ್-ಇರಾಕ್ ಯುದ್ಧ, 1998-2000ರ ಇಥಿಯೋಪಿಯಾ-ಎರಿಟ್ರಿಯಾ ಯುದ್ಧ ಎರಡರಲ್ಲೂ ಇದೇ ನಡೆಯಿತು. ಉಕ್ರೇನಿನ ಡಾನ್‌ಬಾಸ್‌ನಲ್ಲಂತೂ 2014ರಿಂದಲೇ ಸೈನಿಕರು ನೆಲದೊಳಗಿದ್ದರು.

2022ರ ಫೆಬ್ರವರಿ 24ರಂದು ಶುರುವಾದ ಪೂರ್ಣ ಪ್ರಮಾಣದ ದಾಳಿ ಮೊದಮೊದಲು ಟ್ಯಾಂಕುಗಳ ಓಟದಂತೆ ಕಂಡಿತ್ತು. ಆ ವರ್ಷದ ಕೊನೆಗೆ ಚಿತ್ರ ಬದಲಾಯಿತು. ಖಾರ್ಕಿವ್ ಮತ್ತು ಖೆರ್ಸಾನ್ ಭಾಗಗಳಲ್ಲಿ ಹಿಂದೆ ಸರಿದ ರಷ್ಯಾ, ಉಳಿದದ್ದನ್ನು ಉಳಿಸಿಕೊಳ್ಳಲು ಝಪೊರಿಝಿಯಾ ಬಯಲಿನಲ್ಲಿ ಕಂದಕ, ಕಾಂಕ್ರೀಟ್ ಗೂಟ, ನೆಲಬಾಂಬುಗಳ ಹಲವು ಸಾಲುಗಳನ್ನು ಕಟ್ಟಿತು. 2023ರ ಜೂನ್‌ನಲ್ಲಿ ಉಕ್ರೇನ್ ಆರಂಭಿಸಿದ ಪ್ರತಿದಾಳಿ ಆ ಸಾಲುಗಳಿಗೆ ಬಡಿದು ನಿಂತಿತು. ಸಾವಿರ ಕಿಲೋಮೀಟರಿಗೂ ಉದ್ದದ ಮುಂಚೂಣಿ ಅಲ್ಲಿಂದೀಚೆಗೆ ಇಂಚಿಂಚು ಸರಿಯುತ್ತಿದೆಯೇ ಹೊರತು ದೊಡ್ಡದಾಗಿ ಮುರಿದಿಲ್ಲ.

ಅಂದಿನ ಕಂದಕ ಒಂದು ವ್ಯವಸ್ಥೆ

ಇಂದಿನದನ್ನು ಅರ್ಥ ಮಾಡಿಕೊಳ್ಳಲು ಅಂದಿನದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು.

ಮೊದಲ ಮಹಾಯುದ್ಧದ ಕಂದಕ ಒಂಟಿ ಸಾಲು ಆಗಿರಲಿಲ್ಲ. ಮುಂದಿನ ಸಾಲು, ಅದರ ಹಿಂದೆ ಆಸರೆಯ ಸಾಲು, ಅದರ ಹಿಂದೆ ಮೀಸಲು ಸಾಲು. ಮೂರನ್ನೂ ಜೋಡಿಸುವ ಅಡ್ಡ ಕಂದಕಗಳು. ಮುಂದಿನ ಸಾಲನ್ನು ನೇರವಾಗಿ ತೋಡದೆ ಹಾವಿನ ನಡೆಯಂತೆ ಅಂಕುಡೊಂಕಾಗಿ ತೋಡುತ್ತಿದ್ದರು. ನೇರ ಕಂದಕದಲ್ಲಿ ಒಂದು ಶೆಲ್ ಸಿಡಿದರೆ ಅದರ ಚೂರು ಉದ್ದಕ್ಕೂ ಹಾರಿ ಎಲ್ಲರನ್ನೂ ಕೊಲ್ಲುತ್ತದೆ. ತಿರುವಿದ್ದರೆ ಹಾನಿ ಎರಡು ಮೂಲೆಗಳ ನಡುವೆ ನಿಲ್ಲುತ್ತದೆ. ಗೋಡೆ ಕುಸಿಯದಂತೆ ಮರಳು ಚೀಲ, ಕಾಲು ಕೆಸರಿನಲ್ಲಿ ಹೂಳದಂತೆ ಮರದ ಪಟ್ಟಿಯ ಹಲಗೆ, ಹಲಗೆಯ ಅಡಿಯಲ್ಲಿ ನೀರು ಇಂಗಲು ಗುಣಿ. ಜರ್ಮನ್ನರು ಹಿಡಿದ ನೆಲವನ್ನು ಉಳಿಸಿಕೊಂಡರೆ ಸಾಕೆಂದು ನಿರ್ಧರಿಸಿದ್ದರಿಂದ ಆಳವಾಗಿ, ಗಟ್ಟಿಯಾಗಿ ಕಟ್ಟಿದರು. ಸೋಮ್‌ನಲ್ಲಿ ಅವರ ಕೆಲವು ನೆಲಮಾಳಿಗೆಗಳಿಗೆ ವಿದ್ಯುತ್ ದೀಪವೂ ಇತ್ತು. ನಾಳೆಯೇ ಮುಂದಕ್ಕೆ ಹೋಗುತ್ತೇವೆಂದು ನಂಬಿದ ಬ್ರಿಟಿಷ್ ಮತ್ತು ಫ್ರೆಂಚ್ ಅಧಿಕಾರಿಗಳು ತಮ್ಮವರಿಗೆ ಅಷ್ಟು ಅನುಕೂಲ ಮಾಡಿಕೊಡಲಿಲ್ಲ. ಯುದ್ಧದ ಗುರಿ ಏನು ಎಂಬ ಮೇಲಿನವರ ತೀರ್ಮಾನ ಸೈನಿಕ ಮಲಗುವ ಜಾಗದವರೆಗೂ ಇಳಿಯುತ್ತದೆ.

ಹಗಲಿನಲ್ಲಿ ತಲೆ ಎತ್ತುವಂತಿರಲಿಲ್ಲ. ಬೆಳಗಿನ ಮಬ್ಬಿನಲ್ಲೂ ಸಂಜೆಯ ಮಬ್ಬಿನಲ್ಲೂ ದಾಳಿಯಾಗುವ ಭಯವಿದ್ದುದರಿಂದ ಎಲ್ಲರೂ ಬಂದೂಕು ಹಿಡಿದು ನಿಲ್ಲುತ್ತಿದ್ದರು. ಮುಳ್ಳುತಂತಿ ಸರಿಪಡಿಸುವುದು, ಹೆಣ ಹೂಳುವುದು, ಹಿಂದಿನಿಂದ ಊಟದ ಡಬ್ಬ, ನೀರಿನ ಟಿನ್ನು ಹೊತ್ತು ತರುವುದು, ಇವೆಲ್ಲ ರಾತ್ರಿಯ ಕೆಲಸ. ಹೊತ್ತು ತಂದ ಸಾರು ತಣ್ಣಗಾಗಿರುತ್ತಿತ್ತು. ಆದರೂ ಹೆಚ್ಚಿನ ರಾತ್ರಿ ಅದು ಬರುತ್ತಿತ್ತು.

ಕಾಲು ಕೊಳೆಯುವ ರೋಗ

ಕಂದಕದ ಕಷ್ಟಗಳಲ್ಲಿ ಟ್ರೆಂಚ್ ಫೂಟ್ ಒಂದನ್ನು ಬಿಡಿಸಿ ನೋಡಿದರೆ ಒಟ್ಟು ವಿಷಯ ತಿಳಿಯುತ್ತದೆ. ನಾಟಿ ಸಮಯದಲ್ಲಿ ಗದ್ದೆಯಲ್ಲಿ ನಿಂತವರಿಗೆ ಬೆರಳ ಸಂದಿಯ ಕೆಸರುಹುಣ್ಣು ಗೊತ್ತು. ಅದು ಚರ್ಮದ ಮೇಲಿನದು, ಒಣಗಿದರೆ ವಾಸಿಯಾಗುತ್ತದೆ. ಟ್ರೆಂಚ್ ಫೂಟ್ ಒಳಗಿನದು. ಹೆಪ್ಪುಗಟ್ಟುವಷ್ಟು ಚಳಿ ಇರಬೇಕೆಂದಿಲ್ಲ. ತಣ್ಣನೆಯ ನೀರಿನಲ್ಲಿ, ಬಿಗಿಯಾದ ಬೂಟಿನೊಳಗೆ, ಅಲುಗಾಡದೆ ದಿನಗಟ್ಟಲೆ ನಿಂತಾಗ ಪಾದದ ರಕ್ತನಾಳಗಳು ಬಿಗಿದುಕೊಳ್ಳುತ್ತವೆ. ರಕ್ತ ಸಿಗದ ಮಾಂಸ ಮತ್ತು ನರ ಸಾಯಲು ತೊಡಗುತ್ತವೆ. ಮೊದಲು ಜೋಮು ಹಿಡಿಯುತ್ತದೆ, ಆಮೇಲೆ ಊತ, ಬಣ್ಣಗೆಡುವುದು, ಬೊಬ್ಬೆ. ಕೈಮೀರಿದರೆ ಬೆರಳು ಅಥವಾ ಪಾದ ಕತ್ತರಿಸಬೇಕು. ಬೂಟು ಬಿಚ್ಚಿದ ಕೂಡಲೇ ಊದಿಕೊಂಡ ಕಾಲಿಗೆ ಅದು ಮತ್ತೆ ಹಿಡಿಸುತ್ತಿರಲಿಲ್ಲ. ಅದಕ್ಕೇ ಹಲವರು ಬಿಚ್ಚಲು ಹೆದರಿ, ರೋಗ ಹೆಚ್ಚಿಸಿಕೊಳ್ಳುತ್ತಿದ್ದರು.

1914-15ರ ಚಳಿಗಾಲದಲ್ಲಿ ಬ್ರಿಟಿಷ್ ಸೇನೆಯೊಂದರಲ್ಲೇ ಸುಮಾರು 20,000 ಜನ ಇದಕ್ಕೆ ತುತ್ತಾದರು. ಗುಣಪಡಿಸುವ ಮದ್ದು ಇರಲಿಲ್ಲ. ಆದರೂ ಮುಂದಿನ ವರ್ಷಗಳಲ್ಲಿ ಪ್ರಮಾಣ ಇಳಿಯಿತು. ಪಾದಕ್ಕೆ ತಿಮಿಂಗಿಲದ ಎಣ್ಣೆ ತಿಕ್ಕುವುದು ಕಡ್ಡಾಯವಾಯಿತು. ಇಬ್ಬಿಬ್ಬರ ಜೋಡಿ ಮಾಡಿ ಒಬ್ಬರ ಕಾಲನ್ನು ಇನ್ನೊಬ್ಬರು ನೋಡಿಕೊಳ್ಳಬೇಕೆಂದರು. ಒಣ ಕಾಲುಚೀಲಗಳನ್ನು ಊಟದ ಜೊತೆಗೇ ಮುಂದಕ್ಕೆ ಕಳಿಸಿದರು. ತನ್ನ ತುಕಡಿಯಲ್ಲಿ ಟ್ರೆಂಚ್ ಫೂಟ್ ಹೆಚ್ಚಾದರೆ ಅಧಿಕಾರಿಯೇ ಉತ್ತರ ಹೇಳಬೇಕಾಯಿತು. ಎಲ್ಲಕ್ಕಿಂತ ಮುಖ್ಯವಾಗಿ, ನೀರಿನಲ್ಲಿ ನಿಲ್ಲುವ ಅವಧಿಯನ್ನು ಕಡಿಮೆ ಮಾಡಿದರು. ಅಂದರೆ ಪಾಳಿ ಬದಲಿಸಿದರು.

ಈ ಪಾಳಿಯೇ ಅಂದಿನ ವ್ಯವಸ್ಥೆಯ ಜೀವನಾಡಿ. ಬ್ರಿಟಿಷ್ ತುಕಡಿಯೊಂದು ಸಾಮಾನ್ಯವಾಗಿ ನಾಲ್ಕರಿಂದ ಎಂಟು ದಿನ ಮುಂದಿನ ಸಾಲಿನಲ್ಲಿದ್ದು, ಅಷ್ಟೇ ದಿನ ಆಸರೆಯ ಸಾಲು, ಮೀಸಲು ಸಾಲು ದಾಟಿ, ಹಿಂದಿನ ಹಳ್ಳಿಯೊಂದರಲ್ಲಿ ಸ್ನಾನ ಮಾಡಿ, ಹೇನು ತುಂಬಿದ ಬಟ್ಟೆ ಕುದಿಸಿ, ನಿದ್ದೆ ಮಾಡುತ್ತಿತ್ತು. ದೊಡ್ಡ ಕದನದ ವೇಳೆ ಲೆಕ್ಕ ತಪ್ಪುತ್ತಿದ್ದುದುಂಟು. 1916ರಲ್ಲಿ ಫ್ರಾನ್ಸಿನ ವರ್ದಾನ್‌ನ ಹತ್ಯಾಕಾಂಡದ ನಡುವೆಯೂ ಫ್ರೆಂಚ್ ಜನರಲ್ ಪೆತಾನ್ ಡಿವಿಷನ್‌ಗಳನ್ನು ಸರದಿಯಂತೆ ಒಳಗೆ ಕಳಿಸಿ ಹೊರಗೆ ತೆಗೆದರು. ಬಾರ್-ಲೆ-ಡ್ಯುಕ್‌ನಿಂದ ವರ್ದಾನ್‌ಗೆ ಹೋಗುವ ಒಂದೇ ರಸ್ತೆಯಲ್ಲಿ ಹಗಲು ರಾತ್ರಿ ಲಾರಿಗಳು ಓಡಿದ್ದರಿಂದಲೇ ಅದು ಸಾಧ್ಯವಾಯಿತು.

ಪಾಳಿ, ರಜೆ, ಊಟ ಕೆಟ್ಟಾಗ ಏನಾಗುತ್ತದೆ ಎಂಬುದನ್ನೂ ಅದೇ ಸೇನೆ ಕಂಡಿತು. 1917ರ ವಸಂತದಲ್ಲಿ ನಿವೆಲ್ ಎಂಬ ಸೇನಾಪತಿಯ ದಾಳಿ ನೆಲಕಚ್ಚಿದ ಮೇಲೆ ಫ್ರೆಂಚ್ ಸೇನೆಯ ಅರ್ಧದಷ್ಟು ಡಿವಿಷನ್‌ಗಳಲ್ಲಿ ಸೈನಿಕರು ಮುಂದಕ್ಕೆ ಹೋಗಲು ನಿರಾಕರಿಸಿದರು. ಕಂದಕ ಕಾಯುತ್ತೇವೆ, ಅರ್ಥವಿಲ್ಲದ ದಾಳಿಗೆ ಹೋಗುವುದಿಲ್ಲ ಎಂಬುದು ಬಹುತೇಕರ ಮಾತು. ನಿವೆಲ್ ಜಾಗಕ್ಕೆ ಬಂದ ಪೆತಾನ್ ಕೆಲವರಿಗೆ ಮರಣದಂಡನೆ ಜಾರಿ ಮಾಡಿದ್ದು ನಿಜ. ಜೊತೆಗೇ ರಜೆಯನ್ನು ನಿಯಮಿತಗೊಳಿಸಿದರು, ಊಟ ಸುಧಾರಿಸಿದರು, ವಿಶ್ರಾಂತಿಯ ಜಾಗಗಳನ್ನು ಸರಿಮಾಡಿಸಿದರು, ದೊಡ್ಡ ದಾಳಿಗಳನ್ನು ನಿಲ್ಲಿಸಿದರು. ಸೇನೆ ಮತ್ತೆ ನಿಂತಿತು.

ಈ ಇತಿಹಾಸದಲ್ಲಿ ಭಾರತೀಯರ ಪಾಲೂ ಇದೆ. 1914ರ ಶರತ್ಕಾಲದಲ್ಲಿ ಮಾರ್ಸೇಲ್ ಬಂದರಿನಲ್ಲಿ ಇಳಿದ ಲಾಹೋರ್ ಮತ್ತು ಮೀರತ್ ಡಿವಿಷನ್‌ಗಳ ಸೈನಿಕರು ಆ ಮೊದಲ, ಅತ್ಯಂತ ಕೆಟ್ಟ ಚಳಿಗಾಲವನ್ನು ಫ್ರಾನ್ಸ್ ಮತ್ತು ಬೆಲ್ಜಿಯಂನ ಕೆಸರಿನಲ್ಲಿ ಕಳೆದರು. ಹಲವರ ಮೈಮೇಲೆ ಇದ್ದದ್ದು ಬೇಸಿಗೆಯ ಹತ್ತಿ ಬಟ್ಟೆ. ಸತ್ತವರ ಜಾಗ ತುಂಬುವ ಸೈನಿಕರು ಸಮುದ್ರ ದಾಟಿ ಬರಬೇಕಿತ್ತು. ಗಾಯ ಮಾಗಿದವರನ್ನು ಮತ್ತೆ ಅದೇ ಕಂದಕಕ್ಕೆ ಕಳಿಸಲಾಗುತ್ತಿತ್ತು. ಊರಿಗೆ ಮರಳುವ ದಾರಿಯೇ ಇಲ್ಲವೆಂಬ ಹತಾಶೆ ಅವರ ಪತ್ರಗಳಲ್ಲಿ ಮತ್ತೆ ಮತ್ತೆ ಬರುತ್ತದೆ. 1915ರ ಕೊನೆಗೆ ಕಾಲಾಳು ಡಿವಿಷನ್‌ಗಳನ್ನು ಫ್ರಾನ್ಸ್‌ನಿಂದ ಹೊರಡಿಸಿ ಮೆಸೊಪೊಟೇಮಿಯಾಕ್ಕೆ (ಇಂದಿನ ಇರಾಕ್) ಕಳಿಸಲಾಯಿತು.

ದಾರಿ ಕಡಿದದ್ದು ಹೇಗೆ

ಈಗ ಉಕ್ರೇನ್‌ಗೆ ಬರೋಣ. 2022-23ರ ಬಾಖ್ಮುತ್ ಕದನದ ಚಿತ್ರಗಳಲ್ಲಿ ಕಾಣುತ್ತಿದ್ದದ್ದು ಬಹುಮಟ್ಟಿಗೆ ಹಳೆಯ ಕಂದಕವೇ. ಆಗ ಫಿರಂಗಿಯೇ ದೊಡ್ಡ ಶತ್ರು. ಸಾಲಿನ ಹಿಂದೆ ಎರಡು ಮೂರು ಕಿಲೋಮೀಟರ್ ಹೋದರೆ ಗಾಡಿ ಸಿಗುತ್ತಿತ್ತು.

ಆಮೇಲೆ ಬಂದದ್ದು ಎಫ್‌ಪಿವಿ ಡ್ರೋನ್. ಹಾರಿಸುವವನು ಕನ್ನಡಕದೊಳಗಿನ ಪರದೆಯಲ್ಲಿ ಡ್ರೋನಿನ ಕಣ್ಣಿನಿಂದಲೇ ನೋಡುತ್ತಾನೆ. ಬೆಲೆ ಕೆಲವೇ ನೂರು ಡಾಲರ್. ಫಿರಂಗಿ ಗುಂಡು ಒಂದು ಜಾಗಕ್ಕೆ ಬೀಳುತ್ತದೆ, ಅಲ್ಲಿ ಯಾರಿದ್ದಾರೆ ಎಂದು ಅದಕ್ಕೆ ಗೊತ್ತಿಲ್ಲ. ಡ್ರೋನ್ ಒಬ್ಬ ಮನುಷ್ಯನನ್ನು ಹುಡುಕಿ, ಹಿಂಬಾಲಿಸಿ, ಬಾಗಿಲೊಳಗೂ ನುಗ್ಗುತ್ತದೆ. ರೇಡಿಯೊ ಸಂಕೇತ ಕೆಡಿಸಿ ಅದನ್ನು ಬೀಳಿಸುವ ಜಾಮರ್‌ಗಳು ಬಂದಾಗ, ಸಂಕೇತವೇ ಬೇಡದ ಫೈಬರ್ ಡ್ರೋನ್‌ಗಳು ಬಂದವು. ಸಾವು ನೋವಿನಲ್ಲಿ ಶೇ 70ರ ಆಸುಪಾಸು ಡ್ರೋನ್‌ಗಳಿಂದ ಎಂದು 2025ರ ಆರಂಭದಲ್ಲೇ ಉಕ್ರೇನ್ ಕಡೆಯ ಅಂದಾಜಿತ್ತು.

ಇದರ ಪರಿಣಾಮ ಹೆಜ್ಜೆ ಹೆಜ್ಜೆಯಾಗಿ ಆಗಿದೆ. ಮುಂದಿನ ಸಾಲಿನಿಂದ ಎರಡೂ ಕಡೆ ಹತ್ತರಿಂದ ಇಪ್ಪತ್ತು ಕಿಲೋಮೀಟರ್ ಅಗಲದ ಪಟ್ಟಿಯಲ್ಲಿ ಚಲಿಸುವ ಯಾವುದೇ ಗಾಡಿ ಡ್ರೋನಿನ ಗುರಿ. ಗಾಡಿ ಹೋಗದಿದ್ದರೆ ಸೈನಿಕ ನಡೆಯಬೇಕು. ಗುಂಡುನಿರೋಧಕ ಕವಚ, ಮದ್ದುಗುಂಡು, ನೀರು, ಊಟ ಎಲ್ಲವನ್ನೂ ಬೆನ್ನಿಗೆ ಹಾಕಿಕೊಂಡು ಹತ್ತು ಹದಿನೈದು ಕಿಲೋಮೀಟರ್. ಗುಂಪಾಗಿ ಹೋದರೆ ಕಾಣಿಸುತ್ತಾರೆ, ಹಾಗಾಗಿ ಇಬ್ಬರು ಮೂವರಾಗಿ. ಹಗಲಿನ ಕ್ಯಾಮೆರಾಕ್ಕೆ ಬೆಳಕು ಸಾಲದ, ಶಾಖ ಗುರುತಿಸುವ ಥರ್ಮಲ್ ಕ್ಯಾಮೆರಾಕ್ಕೆ ನೆಲ ಮತ್ತು ಮೈಯ ಬಿಸಿಯ ವ್ಯತ್ಯಾಸ ಸರಿಯಾಗಿ ತಿಳಿಯದ ಮುಂಜಾವು ಮತ್ತು ಮುಸ್ಸಂಜೆ ಹೊರಡಲು ಒಳ್ಳೆಯ ಹೊತ್ತು. ನೂರು ವರ್ಷದ ಹಿಂದೆ ಅದೇ ಎರಡು ಹೊತ್ತಿನಲ್ಲಿ ಸೈನಿಕರು ದಾಳಿ ಎದುರುನೋಡಿ ನಿಲ್ಲುತ್ತಿದ್ದರು. ಈಗ ಜೀವ ಉಳಿಸಿಕೊಂಡು ಸರಿಯಲು ಅದನ್ನೇ ಕಾಯುತ್ತಾರೆ. ಮಂಜು, ಮಳೆ ಬಂದರೆ ಡ್ರೋನ್ ಹಾರುವುದು ಕಷ್ಟ. ಕೆಟ್ಟ ಹವೆಯೇ ಒಳ್ಳೆಯದೆಂಬ ಸ್ಥಿತಿ.

ಸೈನಿಕರ ಅನುಭವದಲ್ಲಿ ಗುಂಡಿಯೊಳಗೆ ಕೂರುವುದಕ್ಕಿಂತ ಹೋಗಿ ಬರುವ ದಾರಿಯೇ ಹೆಚ್ಚು ಅಪಾಯಕಾರಿ. ಬದಲಿ ಬರುವುದೆಂದರೆ ಇಬ್ಬರು ಒಳಗೆ ನಡೆಯುವುದು, ಇಬ್ಬರು ಹೊರಗೆ ನಡೆಯುವುದು. ನಾಲ್ಕು ಜೀವ ಪಣಕ್ಕೆ. ಹೀಗಾಗಿ ಸೇನಾಧಿಕಾರಿ ಬದಲಾವಣೆಯನ್ನು ಮುಂದೂಡುತ್ತಾನೆ. ನಾಲ್ಕು ದಿನದ ಪಾಳಿ ಎರಡು ವಾರವಾಗುತ್ತದೆ, ಎರಡು ವಾರ ಎರಡು ತಿಂಗಳಾಗುತ್ತದೆ. ಲೇಖನದ ಆರಂಭದಲ್ಲಿ ಹೇಳಿದ ನೂರು ದಿನಗಳ ಸುದ್ದಿಯ ಹಿಂದಿರುವ ಲೆಕ್ಕ ಇದು. ಎಲ್ಲ ಕಡೆ ನಿರ್ಲಕ್ಷ್ಯವೇ ಕಾರಣ ಎನ್ನಲಾಗದು. ಹಲವು ಕಡೆ ಇದ್ದಲ್ಲೇ ಬಿಡುವುದು ಕಡಿಮೆ ಕೆಟ್ಟದ್ದು ಎಂಬ ತೀರ್ಮಾನ.

ರಸ್ತೆ ಉಳಿಸಿಕೊಳ್ಳುವ ಪ್ರಯತ್ನಗಳೂ ನಡೆದಿವೆ. ಮುಂಚೂಣಿಗೆ ಹೋಗುವ ದಾರಿಗಳ ಮೇಲೆ ಗೂಟ ನೆಟ್ಟು, ಡ್ರೋನಿನ ರೆಕ್ಕೆ ಸಿಕ್ಕಿಕೊಳ್ಳಲೆಂದು ಬಲೆಯ ಚಪ್ಪರ ಹಾಕಲಾಗಿದೆ. ಇವುಗಳಲ್ಲಿ ಡೆನ್ಮಾರ್ಕ್, ಫ್ರಾನ್ಸಿನ ಬ್ರಿಟನಿ ಕಡೆಯ ಮೀನುಗಾರರು ಕಳಿಸಿದ ಹಳೆಯ ಮೀನು ಬಲೆಗಳೂ ಇವೆ.

ಗುಂಡಿಯೊಳಗಿನ ದಿನ

ಉದ್ದನೆಯ ಕಂದಕ ಈಗ ಅಪಾಯದ ಜಾಗ. ಮೇಲಿಂದ ನೋಡಿದರೆ ಗೆರೆ ಎಳೆದಂತೆ ಕಾಣುತ್ತದೆ. ಹೊಲಗಳ ನಡುವಿನ ಮರಗಳ ಸಾಲಿನ ಅಡಿಯಲ್ಲಿ ಇಬ್ಬರು ಮೂವರು ಹಿಡಿಸುವಷ್ಟು ಗುಂಡಿ, ಮೇಲೆ ಮರದ ದಿಮ್ಮಿ, ಮಣ್ಣು, ಎಲೆ. ಪಕ್ಕದ ಗುಂಡಿ ನೂರಾರು ಮೀಟರ್ ಆಚೆ. 1916ರ ಸೈನಿಕನಿಗೆ ಅಕ್ಕಪಕ್ಕದಲ್ಲಿ ಇಡೀ ತುಕಡಿ ಇರುತ್ತಿತ್ತು. ಇವನಿಗೆ ಜೊತೆಗಾರನೊಬ್ಬ, ರೇಡಿಯೊ ಒಂದು. ಎಲ್ಲೋ ಹಿಂದೆ ನೆಲಮಾಳಿಗೆಯಲ್ಲಿ ಪರದೆ ನೋಡುತ್ತಾ ಕೂತ ಅಧಿಕಾರಿ ಅದರಲ್ಲಿ ದಾರಿ ಹೇಳುತ್ತಾನೆ.

ನೀರು, ಊಟ, ಔಷಧಿ, ಪವರ್ ಬ್ಯಾಂಕ್ ಡ್ರೋನಿನಲ್ಲೇ ಬರುತ್ತವೆ. ರಾತ್ರಿ ಬಾಂಬು ಹಾಕುವ ದೊಡ್ಡ ಡ್ರೋನ್‌ಗಳೇ ಪೊಟ್ಟಣ ಹಾಕುವ ಕೆಲಸಕ್ಕೂ ಬಳಕೆಯಾಗುತ್ತಿವೆ. ಪೊಟ್ಟಣ ಗುಂಡಿಯ ಬಾಯಿಗೇ ಬೀಳುತ್ತದೆಂದಿಲ್ಲ. ಹತ್ತು ಮೀಟರ್ ಆಚೆ ಬಿದ್ದರೆ ತರಲು ಹೊರಗೆ ಬರಬೇಕು, ಹೊರಗೆ ಬಂದರೆ ಇರುವ ಜಾಗ ಶತ್ರುವಿಗೆ ಗೊತ್ತಾಗುತ್ತದೆ. ಹಗುರವಾದ ವಸ್ತುಗಳಷ್ಟೇ ಬರುತ್ತವಾದ್ದರಿಂದ ಕುಡಿಯಲು ಬಿಟ್ಟರೆ ತೊಳೆದುಕೊಳ್ಳಲು ನೀರಿಲ್ಲ. ಶೌಚವೂ ಗುಂಡಿಯೊಳಗೇ, ಬಾಟಲಿ ಮತ್ತು ಪ್ಲಾಸ್ಟಿಕ್ ಚೀಲಗಳಲ್ಲಿ.

ಚಳಿಯ ಸಂಗತಿ ಇನ್ನೂ ಕ್ರೂರ. ಯುದ್ಧದ ಮೊದಲ ಚಳಿಗಾಲದಲ್ಲಿ ಉಕ್ರೇನಿನ ಶಾಲೆ, ಮನೆ, ಚರ್ಚುಗಳಲ್ಲಿ ಜನ ಖಾಲಿ ತಗಡಿನ ಡಬ್ಬಕ್ಕೆ ಸುರುಳಿ ಸುತ್ತಿದ ರಟ್ಟು ತುಂಬಿ, ಮೇಣ ಕರಗಿಸಿ ಹೊಯ್ದು "ಕಂದಕದ ಮೇಣದ ದೀಪ" ತಯಾರಿಸಿ ಕಳಿಸುತ್ತಿದ್ದರು. ಒಂದು ಡಬ್ಬದಲ್ಲಿ ಕೈ ಕಾಯಿಸಬಹುದು, ಚಹಾ ಬಿಸಿ ಮಾಡಬಹುದು, ಕಾಲುಚೀಲ ಒಣಗಿಸಬಹುದು. ಸಣ್ಣ ಕಬ್ಬಿಣದ ಒಲೆಗಳೂ ಇದ್ದವು. ಥರ್ಮಲ್ ಕ್ಯಾಮೆರಾ ಹೊತ್ತ ಡ್ರೋನ್‌ಗಳು ರಾತ್ರಿಯಿಡೀ ಸುತ್ತುವಲ್ಲಿ ಒಲೆಯ ಹೊಗೆ ಮತ್ತು ಬಿಸಿಯೇ ಗುರುತಾಗಿಬಿಡುತ್ತದೆ. ಬೆಂಕಿ ಇಲ್ಲದಿದ್ದರೆ ಬಟ್ಟೆ ಒಣಗುವುದಿಲ್ಲ, ಬಟ್ಟೆ ಒಣಗದಿದ್ದರೆ ಟ್ರೆಂಚ್ ಫೂಟ್ ಬರುತ್ತದೆ. ಬಂದಿದೆ ಕೂಡ. ಅಂದು ಅದನ್ನು ತಡೆದ ಒಣ ಕಾಲುಚೀಲ, ಮೇಲ್ವಿಚಾರಣೆ, ಪಾಳಿ ಮೂರೂ ಇಂದು ಡ್ರೋನ್ ಪಟ್ಟಿಯಾಚೆ ಉಳಿದಿವೆ.

ಇಲಿಗಳಿಗೂ ಕಾರಣವಿದೆ. ಯುದ್ಧದಿಂದ ಕೊಯ್ಲಾಗದೆ ಹೊಲದಲ್ಲೇ ಉಳಿದ ಬೆಳೆ ತಿಂದು ಅವು ಮಿತಿಮೀರಿ ಹೆಚ್ಚಿ, ಚಳಿ ಬಂದಾಗ ಬೆಚ್ಚಗಿರುವ ಗುಂಡಿಗಳಿಗೆ ನುಗ್ಗುತ್ತವೆ. ಆಹಾರವನ್ನಷ್ಟೇ ತಿನ್ನದೆ ಕೇಬಲ್‌ಗಳನ್ನೂ ಕಡಿಯುತ್ತವೆ, ಸಂಪರ್ಕ ಸತ್ತರೆ ಗುಂಡಿ ಒಂಟಿ. 2023ರ ಡಿಸೆಂಬರಿನಲ್ಲಿ ಕುಪಿಯಾನ್ಸ್ಕ್ ಭಾಗದ ರಷ್ಯನ್ ಸೈನಿಕರಲ್ಲಿ ಇಲಿಗಳಿಂದ ಹರಡುವ ಜ್ವರ ಕಾಣಿಸಿಕೊಂಡಿದೆ ಎಂದು ಉಕ್ರೇನಿನ ಗುಪ್ತಚರ ಇಲಾಖೆ ಹೇಳಿತ್ತು. ತೀವ್ರ ಜ್ವರ, ರಕ್ತಸ್ರಾವ, ಮೂತ್ರಪಿಂಡಕ್ಕೆ ಪೆಟ್ಟು ಅದರ ಲಕ್ಷಣಗಳು.

ಗಾಯವಾದರೆ

ಇರಾಕ್ ಮತ್ತು ಅಫ್ಘಾನಿಸ್ತಾನ ಯುದ್ಧಗಳಲ್ಲಿ ಅಮೆರಿಕದ ಸೇನೆ ಗಾಯಾಳುವನ್ನು ಒಂದು ಗಂಟೆಯೊಳಗೆ ಶಸ್ತ್ರಚಿಕಿತ್ಸೆಗೆ ತಲುಪಿಸುವ ಗುರಿ ಇಟ್ಟುಕೊಂಡಿತ್ತು. ಆಕಾಶ ಪೂರ್ತಿ ತನ್ನ ಕೈಯಲ್ಲಿದ್ದರೆ, ಹೆಲಿಕಾಪ್ಟರ್ ನಿರ್ಭಯವಾಗಿ ಇಳಿದರೆ ಮಾತ್ರ ಇದು ಸಾಧ್ಯ. ಉಕ್ರೇನ್‌ನಲ್ಲಿ ಎರಡೂ ಇಲ್ಲ.

ಕೈಕಾಲಿಗೆ ಚೂರು ತಗುಲಿ ರಕ್ತ ಚಿಮ್ಮಿದಾಗ ಸೈನಿಕ ತಾನೇ ರಕ್ತಸ್ರಾವ ತಡೆಯುವ ಟೂರ್ನಿಕೆ ಪಟ್ಟಿ ಬಿಗಿದುಕೊಳ್ಳುತ್ತಾನೆ. ಅದು ಜೀವ ಉಳಿಸುತ್ತದೆ, ಆದರೆ ಎರಡು ಗಂಟೆಯ ಮಾತಿಗೆ. ಆರು ಗಂಟೆ ದಾಟಿದರೆ ಕೈ ಅಥವಾ ಕಾಲು ಉಳಿಯುವುದು ಕಷ್ಟ. ಹೊರಗೆ ಸಾಗಿಸಲು ದಿನಗಳೇ ಬೇಕಾದಲ್ಲಿ ಸರಿಯಾಗಿ ಕಟ್ಟಿದ ಪಟ್ಟಿಯೇ ಕೈಕಾಲು ಕಳೆಯುತ್ತದೆ. ಉಕ್ರೇನ್‌ನಲ್ಲಿ ಅಂಗ ಕಳೆದುಕೊಂಡವರ ಸಂಖ್ಯೆ 20 ಸಾವಿರದಿಂದ 50 ಸಾವಿರದ ನಡುವೆ ಇರಬಹುದೆಂದು 2023ರ ಮಧ್ಯಭಾಗದಲ್ಲೇ ಅಂದಾಜಿಸಲಾಗಿತ್ತು. ಪಟ್ಟಿಯನ್ನು ಯಾವಾಗ ಸಡಿಲಿಸಿ ಸಾಮಾನ್ಯ ಒತ್ತುಬಟ್ಟೆಗೆ ಬದಲಿಸಬಹುದು ಎಂಬುದನ್ನು ವೈದ್ಯರಲ್ಲದ ಸೈನಿಕರಿಗೂ ಕಲಿಸಬೇಕಾಗಿ ಬಂದಿದೆ. ಚಕ್ರದ ಮೇಲೆ ಮಂಚದಂತಿರುವ ರೋಬೋ ಗಾಡಿಗಳು ಗಾಯಾಳುಗಳನ್ನು ಹೊತ್ತು ತರುತ್ತಿವೆ. ಎಲ್ಲವೂ ತಲುಪುವುದಿಲ್ಲ. ತಲುಪಿದವರ ಗಾಯಗಳಲ್ಲಿ ಆ್ಯಂಟಿಬಯೋಟಿಕ್‌ಗೆ ಬಗ್ಗದ ಸೋಂಕು ಬೇರೂರಿರುವುದನ್ನು ಯುರೋಪಿನ ಆಸ್ಪತ್ರೆಗಳೂ ಕಂಡಿವೆ.

ಯಾರದು ಯಾವ ವಾದ

ಇದಕ್ಕೆಲ್ಲ ಏನು ಕಾರಣ ಎಂಬಲ್ಲಿ ಒಮ್ಮತವಿಲ್ಲ. ಆಗ ಉಕ್ರೇನಿನ ಸೇನಾ ಮುಖ್ಯಸ್ಥರಾಗಿದ್ದ ವಾಲೆರಿ ಝಲುಝ್ನಿ 2023ರ ನವೆಂಬರಿನಲ್ಲಿ, ಎರಡೂ ಕಡೆಯ ತಂತ್ರಜ್ಞಾನ ಸಮಬಲಕ್ಕೆ ಬಂದು ಮೊದಲ ಮಹಾಯುದ್ಧದಂಥ ಬಿಕ್ಕಟ್ಟು ಉಂಟಾಗಿದೆ ಎಂದರು. ಹೊಸ ತಂತ್ರಜ್ಞಾನವೇ ಅದನ್ನು ಬಿಡಿಸಬೇಕು ಎಂಬುದು ಅವರ ನಿಲುವು. ಅಮೆರಿಕದ ವಿದ್ವಾಂಸ ಸ್ಟೀಫನ್ ಬಿಡಲ್ ಇದನ್ನು ಒಪ್ಪುವುದಿಲ್ಲ. ಆಳವಾಗಿ ಕಟ್ಟಿದ ರಕ್ಷಣಾ ಸಾಲನ್ನು ಸರಿಯಾದ ತರಬೇತಿ ಇಲ್ಲದ ಪಡೆ ಮುರಿಯಲಾಗದು, ಇದು 1917ರಲ್ಲೂ ನಿಜ, ಈಗಲೂ ನಿಜ, ಡ್ರೋನ್ ಹೊಸದೇನನ್ನೂ ಮೂಲಭೂತವಾಗಿ ಬದಲಿಸಿಲ್ಲ ಎನ್ನುತ್ತಾರೆ. ಕಾಲಾಳುಗಳ ಕೊರತೆಯೇ ರೋಗದ ಮೂಲ ಎಂದು ಬೊಟ್ಟು ಮಾಡುವ ಮೂರನೆಯ ಗುಂಪೂ ಇದೆ. ಬದಲಿಗೆ ಕಳಿಸಲು ಜನರೇ ಇಲ್ಲದಾಗ ದಾರಿ ತೆರೆದಿದ್ದರೇನು ಎಂಬುದು ಅವರ ಪ್ರಶ್ನೆ.

ಸೈನಿಕನ ಬದುಕಿನ ದೃಷ್ಟಿಯಿಂದ ನೋಡಿದರೆ ಮೂರನೆಯ ವಾದಕ್ಕೆ ಹೆಚ್ಚು ತೂಕವಿದೆ ಅನಿಸುತ್ತದೆ. ಡ್ರೋನ್ ಮತ್ತು ಜನರ ಕೊರತೆ ಒಂದನ್ನೊಂದು ಬೆಳೆಸುತ್ತವೆ. ಬದಲಿ ಸಿಗದ ಸೈನಿಕ ದಣಿಯುತ್ತಾನೆ, ದಣಿದವನು ತಪ್ಪು ಮಾಡಿ ಸಾಯುತ್ತಾನೆ ಅಥವಾ ಓಡಿಹೋಗುತ್ತಾನೆ. ಉಳಿದವರ ಪಾಳಿ ಇನ್ನಷ್ಟು ಉದ್ದವಾಗುತ್ತದೆ. ಅದನ್ನು ಕೇಳಿ ತಿಳಿದ ಊರಿನ ಯುವಕ ಸೇರಲು ಹಿಂಜರಿಯುತ್ತಾನೆ.

ಉಕ್ರೇನ್ ಸರ್ಕಾರದ ಕಷ್ಟ ಅರ್ಥವಾಗದ್ದಲ್ಲ. 1990ರ ದಶಕದ ಕೊನೆ ಮತ್ತು 2000ದ ಆರಂಭದಲ್ಲಿ ಅಲ್ಲಿ ಜನನ ಪ್ರಮಾಣ ಪಾತಾಳಕ್ಕಿಳಿದಿತ್ತು. ಇಪ್ಪತ್ತರ ಹರೆಯದವರೇ ಕಡಿಮೆ, ಅವರೂ ಸತ್ತರೆ ಮುಂದಿನ ಪೀಳಿಗೆಯೇ ಇಲ್ಲ ಎಂಬ ಭಯ. ಹಾಗಾಗಿ ನಲವತ್ತು ದಾಟಿದವರೇ ಗುಂಡಿಗಳಲ್ಲಿ ಹೆಚ್ಚು ಕಾಣುತ್ತಾರೆ. 2024ರ ಏಪ್ರಿಲ್‌ನಲ್ಲಿ ಕಡ್ಡಾಯ ಸೇವೆಯ ಕನಿಷ್ಠ ವಯಸ್ಸನ್ನು 27ರಿಂದ 25ಕ್ಕೆ ಇಳಿಸಿದರು. ಅದೇ ಕಾಲಕ್ಕೆ, 36 ತಿಂಗಳು ಸೇವೆ ಮಾಡಿದವರನ್ನು ಮನೆಗೆ ಕಳಿಸಬೇಕೆಂಬ ಅಂಶವನ್ನು ಮಸೂದೆಯಿಂದ ಕೈಬಿಟ್ಟರು. ಹೊರಗೆ ಬಿಟ್ಟರೆ ಸಾಲು ಕುಸಿಯುತ್ತದೆ ಎಂದು ಸೇನೆ ವಾದಿಸಿತು. ಕೊನೆಯ ದಿನಾಂಕವೇ ಇಲ್ಲದ ಸೇವೆ ಜೀವಾವಧಿ ಶಿಕ್ಷೆ ಎಂದು ಸೈನಿಕರ ಪತ್ನಿಯರು, ತಾಯಂದಿರು ಕೀವ್‌ನ ಬೀದಿಗಿಳಿದರು. 2024ರ ಕೊನೆಯ ಹೊತ್ತಿಗೆ ಸೇನೆ ಬಿಟ್ಟುಹೋದ ಆರೋಪ ಹೊತ್ತವರು ಒಂದು ಲಕ್ಷ ದಾಟಿದ್ದರು. ಮೊದಲ ಬಾರಿ ಬಿಟ್ಟುಹೋಗಿ ತಾನಾಗಿ ಮರಳಿದವರಿಗೆ ಶಿಕ್ಷೆ ಬೇಡವೆಂದು ಸಂಸತ್ತು ಕಾನೂನು ಸಡಿಲಿಸಬೇಕಾಯಿತು. 1917ರಲ್ಲಿ ಪೆತಾನ್ ಕಂಡುಕೊಂಡದ್ದನ್ನೇ ಕೀವ್ ಬೇರೆ ದಾರಿಯಲ್ಲಿ ಕಂಡುಕೊಳ್ಳುತ್ತಿದೆ. ವ್ಯತ್ಯಾಸವೆಂದರೆ, ಪೆತಾನ್‌ಗೆ ರಜೆ ಕೊಡಲು ಜನರೂ ಇದ್ದರು, ಕಳಿಸಲು ರೈಲೂ ಇತ್ತು.

ಎದುರು ಸಾಲಿನಲ್ಲಿ ಕಲಬುರಗಿಯವರು

ರಷ್ಯಾ ಕಡೆಯ ಸೈನಿಕನ ಪಾಡು ಉತ್ತಮವೇನಲ್ಲ. 2022ರ ಸೆಪ್ಟೆಂಬರಿನ ಭಾಗಶಃ ಸೇನಾ ಭರ್ತಿ ಆದೇಶದ ನಂತರ ಅಲ್ಲಿಯೂ ಒಪ್ಪಂದ ಮುಗಿದವರು ಮನೆಗೆ ಹೋಗುವಂತಿಲ್ಲ. ಜನರ ಕೊರತೆಯನ್ನು ಮಾಸ್ಕೋ ತುಂಬುವ ಬಗೆ ಬೇರೆ. ದೊಡ್ಡ ಮೊತ್ತದ ಮುಂಗಡ, ಜೈಲಿನಿಂದ ಬಿಡುಗಡೆಯ ಆಮಿಷ, ಹೊರದೇಶದವರ ನೇಮಕ. ಆದೇಶ ಮೀರಿದವರನ್ನು ನೆಲದ ಗುಂಡಿಗಳಲ್ಲಿ ಕೂಡಿಹಾಕಿದ ವರದಿಗಳು ರಷ್ಯನ್ ಸೈನಿಕರ ವಿಡಿಯೊಗಳಿಂದಲೇ ಹೊರಬಂದಿವೆ.

ಈ ನೇಮಕದ ಬಲೆಗೆ ನಮ್ಮವರೂ ಬಿದ್ದರು. ಸಹಾಯಕ, ಭದ್ರತಾ ಸಿಬ್ಬಂದಿ ಎಂಬ ಕೆಲಸದ ಆಸೆ ತೋರಿಸಿ ಏಜೆಂಟರು ರಷ್ಯಾಕ್ಕೆ ಕಳಿಸಿದವರಲ್ಲಿ ಕಲಬುರಗಿಯ ಯುವಕರಿದ್ದರು. ಭಾಷೆ ತಿಳಿಯದ ಒಪ್ಪಂದಕ್ಕೆ ಸಹಿ ಹಾಕಿದ ಮೇಲೆ ಕೈಗೆ ಬಂದದ್ದು ಬಂದೂಕು ಮತ್ತು ಗುದ್ದಲಿ. 2024ರ ಆರಂಭದಲ್ಲಿ ವಿಡಿಯೊ ಮೂಲಕ ಅಂಗಲಾಚಿದ ನಂತರವಷ್ಟೇ ವಿಷಯ ಬಯಲಾಯಿತು. ಸಿಬಿಐ ಪ್ರಕರಣ ದಾಖಲಿಸಿತು, ಜುಲೈನಲ್ಲಿ ಪ್ರಧಾನಿ ಮೋದಿ ಪುಟಿನ್ ಜೊತೆ ಮಾತನಾಡಿದರು, ಸೆಪ್ಟೆಂಬರಿನಲ್ಲಿ ಆ ಯುವಕರು ಮರಳಿದರು. 2025ರ ಜನವರಿಯಲ್ಲಿ ವಿದೇಶಾಂಗ ಸಚಿವಾಲಯ ಕೊಟ್ಟ ಲೆಕ್ಕದಂತೆ ಹೀಗೆ ಸೇರಿದ 126 ಭಾರತೀಯರಲ್ಲಿ 96 ಜನ ಮರಳಿದ್ದರು, 12 ಜನ ಸತ್ತಿದ್ದರು, 16 ಜನರ ಪತ್ತೆ ಇರಲಿಲ್ಲ. ಕಂದಕಕ್ಕೆ ತನ್ನವರು ಸಾಲದಾದಾಗ ಸೈನ್ಯ ಯಾರ ಮನೆಬಾಗಿಲಿಗೆ ಬರುತ್ತದೆ ಎಂಬುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಡ. ಏಜೆಂಟರ ಮೇಲಿನ ಕ್ರಮ ಇನ್ನೂ ಬಿಗಿಯಾಗದೆ ಈ ಹರಿವು ನಿಲ್ಲದು.

ಮುಂದೇನು

ಬೇರೆ ಸೇನೆಗಳು ಇದನ್ನೆಲ್ಲ ಗಮನಿಸುತ್ತಿವೆ. ಭಾರತೀಯ ಸೇನೆ ತನ್ನ ಕಾಲಾಳು ಬೆಟಾಲಿಯನ್‌ಗಳಲ್ಲಿ ಡ್ರೋನ್ ಪ್ಲಟೂನ್ ಕಟ್ಟುತ್ತಿರುವುದಾಗಿ 2025ರ ಜುಲೈನಲ್ಲಿ ಪ್ರಕಟಿಸಿತು. ಹೊಡೆಯುವ ಡ್ರೋನ್ ಕೊಳ್ಳುವುದು ಸುಲಭದ ಭಾಗ. ನಿಯಂತ್ರಣ ರೇಖೆಯ ಬಂಕರ್‌ಗಳಿಗೆ, ಎತ್ತರದ ಠಾಣೆಗಳಿಗೆ ಊಟ ತಲುಪಿಸುವ, ಅಲ್ಲಿಂದ ಗಾಯಾಳು ಇಳಿಸುವ ದಾರಿ ಶತ್ರುವಿನ ಡ್ರೋನ್ ಕಣ್ಣಿನಡಿ ಬಂದಾಗ ಏನು ಮಾಡಬೇಕೆಂಬುದು ಕಷ್ಟದ ಭಾಗ. ಉಕ್ರೇನ್‌ನಿಂದ ಕಲಿಯಬೇಕಾದದ್ದು ಇಲ್ಲಿದೆ.

ಉಕ್ರೇನ್ ಮಟ್ಟಿಗೆ, ಸಾಮಾನು ಸಾಗಿಸುವ ಮತ್ತು ಗಾಯಾಳು ತರುವ ರೋಬೋ ಗಾಡಿಗಳು ಸಾವಿರಗಟ್ಟಲೆ ಬಂದರೆ ದಾರಿಯ ಅಪಾಯ ಸ್ವಲ್ಪ ತಗ್ಗೀತು. ಡ್ರೋನನ್ನು ಹೊಡೆಯುವ ಅಗ್ಗದ ಡ್ರೋನ್‌ಗಳಿಂದಲೂ ಆಸೆ ಇದೆ. ಆದರೆ ಇಲ್ಲಿಯವರೆಗೆ ಒಂದು ಕಡೆಯ ಹೊಸ ಉಪಾಯವನ್ನು ಇನ್ನೊಂದು ಕಡೆ ಕೆಲವೇ ತಿಂಗಳಲ್ಲಿ ಕಲಿತಿದೆ. ಯಂತ್ರಗಳಿಂದ ಮಾತ್ರ ಪಾಳಿ ಮರಳುತ್ತದೆಂದು ನಂಬಲು ಕಾರಣ ಕಾಣುವುದಿಲ್ಲ. ಸೇವೆಗೆ ಕೊನೆಯ ದಿನಾಂಕ ನಿಗದಿಪಡಿಸುವ ಕಾನೂನು ಬರದೆ ಹೊಸಬರು ಮನಸ್ಸು ಮಾಡುವುದು ಕಷ್ಟ.

ಕದನವಿರಾಮ ಬಂದರೆ ಎಲ್ಲ ಮುಗಿಯುತ್ತದೆ ಎಂಬ ನಿರೀಕ್ಷೆಯನ್ನೂ ಎಚ್ಚರದಿಂದ ನೋಡಬೇಕು. 2015ರ ಫೆಬ್ರವರಿಯ ಮಿನ್ಸ್ಕ್ ಒಪ್ಪಂದದ ನಂತರ ಡಾನ್‌ಬಾಸ್‌ನ ಸುಮಾರು 420 ಕಿಲೋಮೀಟರ್ ಸಾಲಿನಲ್ಲಿ ಸೈನಿಕರು ಏಳು ವರ್ಷ ಕಂದಕ ಬಿಡಲಿಲ್ಲ. ಗುಂಡಿನ ದಾಳಿ ಕಡಿಮೆಯಾಗಿತ್ತು, ನಿಂತಿರಲಿಲ್ಲ. ಆ ವರ್ಷಗಳನ್ನು ತಾಳಿಕೊಳ್ಳಲು ಸಾಧ್ಯವಾದದ್ದು ಹಿಂದಿನ ರಸ್ತೆ ತೆರೆದಿದ್ದರಿಂದ, ತಿಂಗಳುಗಳ ಲೆಕ್ಕದಲ್ಲಾದರೂ ಬ್ರಿಗೇಡ್‌ಗಳು ಬದಲಾಗುತ್ತಿದ್ದುದರಿಂದ. ಹೊಸ ಒಪ್ಪಂದವೊಂದು ನಾಳೆ ಆದರೂ ಈ ಸಾವಿರ ಕಿಲೋಮೀಟರ್ ಸಾಲನ್ನು ಎರಡೂ ಕಡೆ ಕಾಯುವ ಜನ ಬೇಕೇ ಬೇಕು. ಆ ಒಪ್ಪಂದ ಭೂಪಟದ ಗೆರೆಯ ಬಗ್ಗೆ ಮಾತ್ರ ಮಾತನಾಡಿ ಡ್ರೋನ್ ಹಾರಾಟದ ಮಿತಿ, ಗಾಯಾಳು ಸಾಗಾಟಕ್ಕೆ ಕದನಮುಕ್ತ ದಾರಿ, ನೆಲಬಾಂಬು ತೆಗೆಯುವುದು ಇವನ್ನು ಬಿಟ್ಟರೆ, ಗುಂಡಿಯಲ್ಲಿರುವವನಿಗೆ ಬದಲಿ ಬರುವುದು ಆಗಲೂ ಇಷ್ಟೇ ಕಷ್ಟ.